ಬೋಳು ಮಾಳಿಗೆ

“ಏ ಮಾಸ್ತರ, ನಿನ್ನ ಈ ಹಂದಿಮರಿಗಳನ್ನ ಹೊರಗ ಹಾಕ್ತಿಯೋ, ಇಲ್ಲಾ ಅವುಗಳ ಮ್ಯಾಲೇ ಚೀಲ ಒಗಸಲೋ?”

ದೇವೇಂದ್ರಪ್ಪ ಗೌಡರು ಶಾಲೆಯ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತು, ಬಾಯಲ್ಲಿದ್ದ ಎಲೆಯಡಿಕೆಯನ್ನು ಒಳಕ್ಕೇ ಉಗುಳಿದರು. ಅದು ಮುಂದಿನ ಸಾಲಿನ ಹುಡುಗನೊಬ್ಬನ ಪಾಟಿಯ ಮೇಲೆ ಸಿಡಿಯಿತು. ಹುಡುಗ ಅಂಗಿಯ ಚುಂಗಿನಿಂದ ಒರೆಸಿಕೊಂಡ. ಒಂಬತ್ತರ ಮಗ್ಗಿ ಅರ್ಧಕ್ಕೇ ನಿಂತಿತ್ತು.

ಹಾಜಿಸಾಬ ಮಾಸ್ತರ ಕೈಯಲ್ಲಿದ್ದ ಇದ್ದಿಲ ಚೂರನ್ನು ಕೆಳಗಿಟ್ಟರು. ಸೀಮೆಸುಣ್ಣ ಮುಗಿದು ಐದು ತಿಂಗಳಾಗಿತ್ತು. ಬಿಳಿ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು, ಸಂಜೆಗೆ ತಾವೇ ಸುಣ್ಣದ ನೀರು ಬಳಿದು ಹೋಗುತ್ತಿದ್ದರು. ಸರ್ಕಾರ ಈ ಶಾಲೆಗೆಂದು ನಾಲ್ಕು ವರ್ಷದಲ್ಲಿ ಕಳಿಸಿದ್ದು ಒಂದು ಕುರ್ಚಿ, ಒಂದು ನಕ್ಷೆ. ನಕ್ಷೆಯನ್ನು ಗೆದ್ದಲು ತಿಂದಿತ್ತು. ಕುರ್ಚಿ ಗೌಡರ ಪಡಸಾಲೆಯಲ್ಲಿತ್ತು.

“ಗೌಡ್ರ, ಸರ್ಕಾರಿ ಸಾಲಿ ಐತ್ರಿ ಇದು...” ಎಂದರು ಮಾಸ್ತರ.

“ಜ್ವಾಳಾನೂ ಸರ್ಕಾರದ್ದ ಐತಿ. ಲೆವಿ ಜ್ವಾಳ. ನಿನ್ನ ಮಗ್ಗಿ ತಿಂದು ಬದುಕ್ತಾರೇನ ಪಟ್ಣದ ಮಂದಿ? ಏ ಗಾಳ್ಯಾ, ಏನ್ ನೋಡ್ತೀಲೆ ಭಾಡ್ಕೌ, ತಗೊಂಡು ಬಾ ಒಳಗ!”

ದೊಡ್ಡ ಯುದ್ಧ ನಡೆದಿತ್ತು. ಎಲ್ಲೋ ಯಾರೋ ಬಡಿದಾಡಿಕೊಂಡದ್ದಕ್ಕೆ ನಮ್ಮೂರಿನ ಬಡವರ ಗಡಿಗೆಯೊಳಗಿನ ಜೋಳವನ್ನು ಸರ್ಕಾರದವರು ಲೆವಿಯೆಂದು ಅಳೆದು ಒಯ್ಯುತ್ತಿದ್ದರು. ಆ ಜೋಳ ಇಡಲಿಕ್ಕೆ ಗೌಡರ ಹಗೇವುಗಳಲ್ಲಿ ಜಾಗವಿರಲಿಲ್ಲ. ಅವುಗಳ ತುಂಬ ಗೌಡರದೇ ಜೋಳವಿತ್ತು, ಸರ್ಕಾರದ ಕಣ್ಣಿಗೆ ಬೀಳದ ಜೋಳ. ಹಾಗಾಗಿ ಕುಷ್ಟಗಿಯಿಂದ ಗಾಡಿ ಬರುವವರೆಗೆ ಲೆವಿಯ ಚೀಲಗಳನ್ನು ಶಾಲೆಯೊಳಗೆ ತುಂಬುವುದೆಂದು ಗೌಡರು ಹುಕುಂ ಮಾಡಿದ್ದರು.

ಗಾಳೆಪ್ಪ ಅವರ ಮನೆಯ ಜೀತದಾಳು. ಚೀಲದ ಭಾರಕ್ಕೆ ಅವನ ಮುಖ ನೆಲ ನೋಡುತ್ತಿತ್ತು, ಆದರೂ ನೆಲದ ಮೇಲೇನಿದೆ ಎನ್ನುವುದು ಕಾಣಲಿಲ್ಲ. ಪಾದದಡಿ ಏನೋ ಲಟಕ್ಕೆಂದಿತು.

“ಅಪ್ಪಾ, ನನ್ನ ಪಾಟಿ!”

ಅವನದೇ ಮಗಳು ಹುಲಿಗೆವ್ವ. ಒಂಬತ್ತು ವರ್ಷದವಳು. ಗಾಳೆಪ್ಪ ಚೀಲ ಇಳಿಸಿ ನಿಂತು ಒಡೆದ ಪಾಟಿಯನ್ನೂ ಮಗಳನ್ನೂ ನೋಡಿದ. ಆಮೇಲೆ ಗೌಡರನ್ನು ನೋಡಿ, ಇನ್ನೊಂದು ಚೀಲ ತರಲು ಹೊರಗೆ ಹೋದ. ಮಧ್ಯಾಹ್ನದೊಳಗೆ ಚೀಲಗಳು ಮಾಳಿಗೆಯ ಜಂತಿ ಮುಟ್ಟಿದವು. ಹಾಜರಿ ಪುಸ್ತಕ ಯಾವ ಚೀಲದ ಕೆಳಗೆ ಹೋಯಿತೋ ಗೊತ್ತಾಗಲಿಲ್ಲ. ಗೌಡರು ಬಾಗಿಲಿಗೆ ಬೀಗ ಜಡಿಸಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

ಗಾಳೆಪ್ಪನ ಹೆಂಡತಿ ಉಡಚಮ್ಮ ಸುದ್ದಿ ಕೇಳಿದ್ದು ಕೆರೆಯ ದಂಡೆಯಲ್ಲಿ. ಕೆಲಸ ಬಿಟ್ಟು ಓಡಿ ಬಂದಾಗ ಮಾಸ್ತರ ಬೀಗದ ಮುಂದೆ ಸುಮ್ಮನೆ ಕೂತಿದ್ದರು. ಮೂರು ತಿಂಗಳಿಂದ ಸಂಬಳವಿಲ್ಲದ ಮನುಷ್ಯ, ಮುಖ ಒಣಗಿ ಕಟ್ಟಿಗೆಯಾಗಿತ್ತು.

“ಉಡಚವ್ವ, ಬೇಸ್ತವಾರ ತಾಲೀಮ ಖಾತೆ ಸಾಹೇಬರು ಬರ್ತಾರ, ಸಾಲಿ ತಪಾಸಣಿ ಮಾಡಾಕ,” ಎಂದರು. “ನಡೆಯೋ ಸಾಲಿ ಕಣ್ಣಿಗೆ ಬೀಳಲಿಲ್ಲಂದ್ರ ಇಲ್ಲಿಂದ ಎತ್ತಿ ಬ್ಯಾರೆ ಊರಿಗೆ ಹಾಕ್ತಾರ. ಒಮ್ಮೆ ಎತ್ತಿದ ಸಾಲಿ ತಿರುಗಿ ಬಂದದ್ದು ನಾ ನೋಡಿಲ್ಲ.”

“ಬೇವಿನ ಗಿಡದ ಕೆಳಗ ಕುಂದರಸ್ರಿ.”

“ಗಿಡ ಗೌಡ್ರ ಕಣದಾಗೈತಿ.”

“ಹನುಮಪ್ಪನ ಗುಡಿ ಕಟ್ಟಿ ಮ್ಯಾಲೆ?”

ಮಾಸ್ತರ ಅವಳ ಮುಖ ನೋಡಿದರು. ಆ ಕಟ್ಟೆಯನ್ನು ಅವರೂ ಹತ್ತುವಂತಿರಲಿಲ್ಲ, ಇವಳೂ ಹತ್ತುವಂತಿರಲಿಲ್ಲ. ಇಬ್ಬರಿಗೂ ಒಟ್ಟಿಗೇ ನಗು ಬಂತು. ಅಂಥ ನಗು ಯಾರಿಗೂ ಬರಬಾರದು.

“ನೀವ ಹೇಳ್ರಿ ಸಾಹೇಬರಿಗೆ, ಹಿಂಗಿಂಗ ಆತು ಅಂತ.”

“ನನಗ ಮೂರು ಹೆಣ್ಣುಮಕ್ಕಳದಾವ ಉಡಚವ್ವ. ಗೌಡ್ರ ಊರಾಗ ನಾ ಬಾಡಿಗಿ ಮನ್ಯಾಗ ಅದೀನಿ.”

ಅವಳು ಅಲ್ಲಿಂದ ನೆಟ್ಟಗೆ ಗೌಡರ ಮನೆಗೆ ಹೋದಳು. ಕೆಳಗೇರಿಯವರು ನಿಲ್ಲುವ ಜಾಗ ಅಂಗಳದಲ್ಲಿ ಗೊತ್ತು ಮಾಡಿದ್ದೇ ಇತ್ತು, ಗೊಬ್ಬರದ ತಿಪ್ಪೆಯ ಈಚೆ. ಅಲ್ಲಿ ನಿಂತಳು. ಗೌಡರು ಶಾಲೆಯ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ನಾಲ್ಕು ಜನರ ಸಂಗಡ ಮಾತಾಡುತ್ತಿದ್ದರು. ಎಷ್ಟೋ ಹೊತ್ತಾದ ಮೇಲೆ ಅವರಿಗೆ ಇವಳು ಕಂಡಳು.

“ಏನಬೇ?”

“ಗೌಡ್ರ, ಬೇಸ್ತವಾರ ಒಂದು ದಿನದ ಮಟ್ಟಿಗಿ ಸಾಲಿ ಕೋಲಿ ಬಿಡ್ರಿ. ಚೀಲ ನಾವ ಹೊರಗ ಇಡ್ತೀವಿ, ಸಂಜಿಗೆ ನಾವ ಒಳಗ ಇಡ್ತೀವಿ. ನಿಮಗ ಆಳಿನ ತ್ರಾಸ ಇಲ್ಲ.”

“ಯಾಕ, ನಿನ್ನ ಮಗಳು ಕಲತು ತಹಶೀಲ್ದಾರ ಆಗ್ತಾಳೇನ? ಆಗ ನಮ್ಮ ದನದ ಮನಿ ಸೆಗಣಿ ನಾ ಬಳೀಲೇನ?”

ಕೂತವರು ನಕ್ಕರು. ನಗು ಗೌಡರಿಗೆ ಹುರುಪು ಕೊಟ್ಟಿತು.

“ನಾಕು ವರ್ಷ ಆತಲ್ಲ ನಿನ್ನ ಮಗಳು ಸಾಲಿಗೆ ಹೊಂಟು. ನೀ ಏನ ಕಲತಿ? ಒಂದು ಅಕ್ಷರ ಬರಿ ನೆಲದ ಮ್ಯಾಲೆ. ಒಂದ ಒಂದು. ಬರದ್ರ ಈಗಿಂದೀಗ ಕೋಲಿ ಖಾಲಿ ಮಾಡಸ್ತೀನಿ. ಹನುಮಪ್ಪನಾಣಿ.”

ಉಡಚಮ್ಮ ಕುಕ್ಕರಗಾಲಲ್ಲಿ ಕೂತಳು. ಮಗಳು ಒಲೆಯ ಮುಂದೆ ಕೂತು ಬೂದಿಯಲ್ಲಿ ಬರೆಯುವುದನ್ನು ಸಾವಿರ ಸಲ ನೋಡಿದ್ದಳು. ನೋಡಿದ್ದೆಲ್ಲ ಕಣ್ಣಲ್ಲಿತ್ತು, ಬೆರಳಿಗೆ ಬರಲಿಲ್ಲ. ಧೂಳಿನಲ್ಲಿ ಒಂದು ಸುತ್ತು ಎಳೆದಳು. ಅದಕ್ಕೆ ಬಾಲ ಎಡಕ್ಕೋ ಬಲಕ್ಕೋ? ಎಡಕ್ಕೆ ಎಳೆದಳು. ಅಳಿಸಿ ಬಲಕ್ಕೆ ಎಳೆದಳು. ಮೇಲಿನಿಂದ ಯಾರೋ, “ಅಕ್ಷರ ಬರಿ ಅಂದ್ರ ನೋಡ್ರಿ, ಹಲ್ಲಿ ತೆಗದಾಳ!” ಎಂದರು. ಪಡಸಾಲೆಯೇ ಹಾರಿಹೋಗುವಂತೆ ನಕ್ಕರು. ಗೌಡರು ಎದ್ದು ಬಂದು ಅದನ್ನು ಚಪ್ಪಲಿಯಿಂದ ಉಜ್ಜಿದರು. ಅವಳ ಬೆರಳು ಅಲ್ಲೇ ಇತ್ತು.

“ಕೇಳಿಲ್ಲೆ. ಸಾಲಿ ಮಾಳಗಿ ಸೋರ್ತೈತಿ. ರೋಹಿಣಿ ಮಳಿ ತಲಿಮ್ಯಾಲೈತಿ. ಬೇಸ್ತವಾರ ಮುಂಜಾನೆದ್ದು ಕೇರಿ ಹೆಂಗಸರೆಲ್ಲಾ ಹತ್ತಿ, ಹಳೇ ಮಣ್ಣು ಕೆರದು, ಹೊಸಾ ಸವಳು ಹಾಕ್ರಿ. ಬಿಟ್ಟಿ ಮತ್ತ, ಕೂಲಿ ಕೇಳಬ್ಯಾಡ್ರಿ. ನಿಮ್ಮ ಹುಡುಗರನ್ನ ನಮ್ಮ ಹೊಲಕ್ಕ ಕೂಳಿ ಆರಸಾಕ ಕಳಸ್ರಿ. ಒಂದು ಕಾಳು ನೆಂದ್ರೂ ತಹಶೀಲಿನಾಗ ನಾ ಜವಾಬು ಕೊಡಬೇಕು. ನೆಂದ್ರ ನಿಮ್ಮ ಚರ್ಮ ಸುಲೀತೀನಿ.”

ಬೇಸ್ತವಾರವೇ ಯಾಕೆ ಎಂದು ತಿಳಿಯಲು ಉಡಚಮ್ಮನಿಗೆ ಅಕ್ಷರ ಬೇಕಿರಲಿಲ್ಲ. ಸಾಹೇಬ ಬಂದ ದಿನ ಹೆಂಗಸರು ಬಿಟ್ಟಿಯಲ್ಲಿ, ಮಕ್ಕಳು ಹೊಲದಲ್ಲಿ, ಕೋಣೆಗೆ ಬೀಗ. ಶಾಲೆ ಎಲ್ಲಿ ಎಂದರೆ ಇಲ್ಲ. ಈ ನಾಲ್ಕು ಮಳೆಗಾಲವೂ ಅವಳು ಇದೇ ಅಂಗಳದಲ್ಲಿ ನಿಂತು, ಮಾಳಿಗೆಗೆ ನಾಲ್ಕು ಬುಟ್ಟಿ ಸವಳು ಹಾಕಿಸಿರೆಂದು ಬೇಡಿದ್ದಳು. ಮಕ್ಕಳ ತಲೆ ನೆನೆಯುವಾಗ ಸಿಗದ ಹುಕುಂ ಜೋಳ ನೆನೆಯುತ್ತದೆ ಅಂದಾಗ ಒಂದೇ ದಿನದಲ್ಲಿ ಸಿಕ್ಕಿತು.

ಬೇಸ್ತವಾರ ನಸುಕಿಗೆ ಹನ್ನೊಂದು ಹೆಂಗಸರು ಕೆರೆಯ ಹಿಂದಿನ ಸವಳು ದಿನ್ನೆಯಲ್ಲಿ ಸೇರಿದ್ದರು. ನಮ್ಮ ಕಡೆಯ ಮಣ್ಣಿನ ಮಾಳಿಗೆಗಳು ಬದುಕುವುದೇ ಈ ಬೂದುಬಣ್ಣದ ಉಪ್ಪುಮಣ್ಣಿನ ಮೇಲೆ. ಇದು ನೀರು ಕುಡಿಯುವುದಿಲ್ಲ, ಬಿಸಿಲಿಗೆ ಸೀಳುವುದಿಲ್ಲ. ಎಲ್ಲಿ ಅಗೆದರೆ ಒಳ್ಳೆಯ ಸವಳು ಸಿಗುತ್ತದೆ, ಎಷ್ಟು ಗೇಣು ಹಾಕಿದರೆ ಜಂತಿ ತಡೆಯುತ್ತದೆ ಎಂಬುದು ಊರಲ್ಲಿ ಉಡಚಮ್ಮನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಹದಿನೈದು ವರ್ಷದಿಂದ ಊರಿನ ಮಾಳಿಗೆಗಳನ್ನೆಲ್ಲ ತಲೆಯ ಮೇಲೆ ಹೊತ್ತವಳು.

ಅವಳು ಸಲಿಕೆಯನ್ನು ನೆಲಕ್ಕೆ ಊರಿ ನಿಂತಳು.

“ಯವ್ವಾ, ಒಂದು ಮಾತು. ಇವತ್ತ ಸಾಹೇಬ ಬರ್ತಾನ. ಹುಡುಗರು ಕಾಣಲಿಲ್ಲಂದ್ರ ಸಾಲಿ ಹೋತು. ನಿಮ್ಮ ನಿಮ್ಮ ಹುಡುಗರನ್ನ ಕರಸ್ರಿ.”

“ನನ್ನ ಹುಡುಗ ಆಗಲೇ ಗೌಡ್ರ ಹೊಲಕ್ಕ ಹೋಗ್ಯಾನಲ್ಲ ಉಡಚಕ್ಕ,” ಎಂದಳು ಪಿಂಜಾರರ ದಾವಲಬೀ.

“ತಿರುಗಿ ಕರಸು.”

“ಕರಸಿದ್ರ ನಾಳಿಗೆ ಕೂಲಿಗೆ ಯಾರು ಕರೀತಾರ?”

ತಳವಾರ ಪಂಪಣ್ಣನ ಹೆಂಡತಿ ಮುದಕಮ್ಮ ಬುಟ್ಟಿ ತುಂಬುವುದನ್ನು ನಿಲ್ಲಿಸಲೇ ಇಲ್ಲ. “ನನ್ನ ಗಂಡ ಗೌಡ್ರ ಬಾಗಲಾ ಕಾಯೋನು. ನನ್ನ ಇದರಾಗ ಎಳೀಬ್ಯಾಡವ್ವ. ಸಾಲಿ ಬರೂಕಿಂತ ಮೊದಲ ನಾವು ಬದುಕಿಲ್ಲೇನ?”

“ನೀವು ಬದುಕೀರಿ,” ಎಂದಳು ಉಡಚಮ್ಮ. “ನನ್ನ ಮಗ ಬದುಕಲಿಲ್ಲ.”

ಐದು ವರ್ಷದ ಹಿಂದೆ ಅವಳ ಮೂರು ವರ್ಷದ ಗಂಡುಮಗು ತೀರಿಕೊಂಡದ್ದು ಕೇರಿಗೆಲ್ಲ ಗೊತ್ತಿತ್ತು. ಜ್ವರ ಬಂದಿತ್ತು, ಹೋಯಿತು.

“ಜ್ವರಲ್ಲ ಅದು. ನಾನು ಕೊಂದೀನಿ.”

“ಹುಚ್ಚಿ, ಏನಂತ ಮಾತಾಡ್ತೀಯೇ?” ಎಂದಳು ದಾವಲಬೀ.

“ಕೇಳ್ರಿ. ಇವತ್ತಿನ ತನಕ ಅವನಪ್ಪಗೂ ಹೇಳಿಲ್ಲ. ದವಾಖಾನ್ಯಾಗ ಎರಡು ಬಾಟ್ಲಿ ಕೊಟ್ಟಿದ್ರು. ಒಂದು ಕುಡಸಾಕ, ಒಂದು ಎದಿಗೆ ತಿಕ್ಕಾಕ. ಚಂದಾಗಿ ಹೇಳಿದ್ರು, ಮ್ಯಾಲೆ ಬರದೂ ಕೊಟ್ಟಿದ್ರು. ಎರಡೂ ಸೆರಗಿನಾಗ ಕಟ್ಟಿಕೊಂಡು ನಾಕು ಹರದಾರಿ ನಡದು ಬಂದೆ. ಮನಿಗೆ ಬಂದು ಸೆರಗು ಬಿಚ್ಚಿದ್ರ ಯಾವುದು ಯಾವುದೋ ತಿಳೀವಲ್ದು. ಎರಡೂ ಒಂದ ನಮೂನಿ. ಗೌಡ್ರ ಮನಿಗೆ ಓಡಿದೆ. ಅವರ ತಮ್ಮ ಉಣ್ಣಾಕ ಕುಂತಿದ್ದ. ಓದಿ ಹೇಳ್ರಿ ಅಂತ ತಿಪ್ಪಿ ಹಂತ್ಯಾಕ ನಿಂತೆ. ಉಂಡ, ಕೈ ತೊಳಕೊಂಡ, ಎಲಿ ಹಾಕಿಕೊಂಡ. ನಾಳೆ ಬಾ ಅಂದ. ಹುಡುಗ ಗೊರಗೊರ ಅನ್ನಾಕತ್ತಿದ್ದ. ನಾನ ಒಂದು ಬಾಟ್ಲಿ ಆರಸಿದೆ. ಈ ಕೈಯಿಂದ ಆರಸಿದೆ. ಬಾಯಾಗ ಹಾಕಿದ ಮ್ಯಾಲೆ ಅದರ ವಾಸನಿ ಮೂಗಿಗೆ ಬಂತು.”

ಅವಳು ಅಳಲಿಲ್ಲ. ಅಳುವುದನ್ನೆಲ್ಲ ಅವಳು ಐದು ವರ್ಷ ಕದ್ದು ಕದ್ದು ಅತ್ತು ಮುಗಿಸಿದ್ದಳು.

“ಓದಾಕ ಬರೋದು ಅಂದ್ರ ನನಗ ತಹಶೀಲ್ದಾರಕಿ ಅಲ್ಲವ್ವ. ಇಷ್ಟ. ಬಾಟ್ಲಿ ಓದಿದ್ರ ಸಾಕು. ನಿಮ್ಮ ಮಕ್ಕಳು ನಿಮ್ಮ ಮೊಮ್ಮಕ್ಕಳನ್ನ ಕೊಲ್ಲಬಾರದು ಅಂದ್ರ ಹುಡುಗರನ್ನ ಕರಸ್ರಿ. ನಾ ನಿಮ್ಮ ಕಾಲಿಗೆ ಬೀಳ್ತೀನಿ.”

ಬಿದ್ದೂ ಬಿಟ್ಟಳು. ಸವಳಿನ ಮೇಲೆ ಉದ್ದಕ್ಕೆ ಬಿದ್ದು ಮೊದಲು ಕೈಗೆ ಸಿಕ್ಕ ಮುದಕಮ್ಮನ ಪಾದ ಹಿಡಿದಳು. ತಳವಾರರ ಹೆಣ್ಣು ಕೆಳಗೇರಿಯವಳ ಮೈ ಮುಟ್ಟಿಸಿಕೊಂಡದ್ದು ಅದೇ ಮೊದಲಿರಬೇಕು. ಅವಳು ಕಾಲು ಎಳೆದುಕೊಳ್ಳಲಿಲ್ಲ. ಬುಟ್ಟಿ ಬಿಟ್ಟು ಕೂತು, ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು.

“ಕರಸಿ ಎಲ್ಲಿ ಕುಂದರಸ್ತಿ? ಕೋಲಿಗೆ ಕೀಲಿ ಐತಿ. ಗಿಡ ಗೌಡ್ರದು. ಗುಡಿ ದೇವರದು. ದಾರಿ ಸರ್ಕಾರದ್ದು.”

“ಮಾಳಗಿ ಮ್ಯಾಲೆ. ನಮಗ ಹತ್ತಂತ ಗೌಡ್ರ ಹೇಳ್ಯಾರಲ್ಲ. ಬುಟ್ಟಿ ಕೂಡ ಹುಡುಗರನ್ನೂ ಹತ್ತಸೋದು.”

ಹೊತ್ತು ಎರಡಾಳು ಏರುವಷ್ಟರಲ್ಲಿ ಶಾಲೆಯ ಮಾಳಿಗೆ ಬೋಳಾಗಿತ್ತು. ಹುಲ್ಲು ಬೆಳೆದ ಹಳೆಯ ಮಣ್ಣನ್ನು ಕೆರೆದು ಕೆಳಗೆ ತಳ್ಳಿದ್ದರು. ಜಂತಿಗಳ ಮೇಲೆ ಹಾಸಿದ ಒಣ ಸೊಪ್ಪು, ಅದರಡಿಯ ಕಡ್ಡಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಹೊಸ ಸವಳು ಗೋಡೆಯ ಬುಡದಲ್ಲಿ ಗುಡ್ಡೆ ಬಿದ್ದಿತ್ತು, ಹತ್ತು ಹನ್ನೆರಡು ಬುಟ್ಟಿ ಮೇಲೆ ಬಂದಿತ್ತು. ಹೊಲದಿಂದ ಮಕ್ಕಳು ಒಬ್ಬೊಬ್ಬರೇ ಬಂದರು. ಹುಲಿಗೆವ್ವನೇ ಓಡಿ ಓಡಿ ಕರೆದು ತಂದಿದ್ದಳು. ನಿಚ್ಚಣಿಕೆ ಹತ್ತಿ ಬಂದವರನ್ನು ಉಡಚಮ್ಮ ಗೋಡೆಯ ಮೇಲೆಯೇ ಸಾಲಾಗಿ ಕೂರಿಸಿದಳು.

“ನಡುವ ಹೆಜ್ಜಿ ಇಡಬ್ಯಾಡ್ರಿ, ಜಂತಿ ಹಳೇವು. ಹುಲಿಗಿ, ನೀ ಮಗ್ಗಿ ಹೇಳಸು. ಒದರಿ ಹೇಳ್ರಿ ಮತ್ತ, ಚಾವಡಿ ಮುಟ್ಟಬೇಕು.”

ಸಾಹೇಬರ ಜಟಕಾ ಬಂದಾಗ ಬಿಸಿಲು ಬೆವರು ಕಟ್ಟಿಸುತ್ತಿತ್ತು, ಪಡುವಣದಲ್ಲಿ ಮೋಡ ಕಪ್ಪಗೆ ಕೂಡುತ್ತಿತ್ತು. ಗೌಡರು ಹೂವಿನ ಹಾರ ಹಿಡಿದು ಎದುರುಗೊಂಡರು. ಹಾಜಿಸಾಬ ಹಿಂದೆ ಕೈಕಟ್ಟಿ ನಿಂತಿದ್ದರು.

“ಸಾಲಿ ಅನ್ನೋದು ಹೆಸರಿಗಷ್ಟ ಇತ್ರಿ ಸಾಹೇಬ್ರ. ಈ ಮಂದಿಗೆ ಎಲ್ಲಿ ಬೇಕ್ರಿ ವಿದ್ಯಾ? ಒಂದು ಹುಡುಗೂ ಬರೂದಿಲ್ಲ. ಕೋಲಿ ಖಾಲಿ ಬಿದ್ದಿತ್ತು, ಅದಕ್ಕ...”

“ಒಂಬತ್ತೊಂದ್ಲ ಒಂಬತ್ತೂ! ಒಂಬತ್ತೆರಡ್ಲ ಹದಿನೆಂಟೂ!”

ಸಾಹೇಬರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೊನೆಗೆ ತಲೆ ಎತ್ತಿದರು. ಟೋಪಿ ಬೀಳದಂತೆ ಕೈಯಿಂದ ಹಿಡಿದುಕೊಳ್ಳಬೇಕಾಯಿತು.

“ಯೇ ಕ್ಯಾ ಹೈ?”

“ಸಾಹೇಬ್ರ, ಇದು ನಮ್ಮೂರ ಸಾಲಿ,” ಎಂದು ಉಡಚಮ್ಮ ಮಾಳಿಗೆಯ ಅಂಚಿಗೆ ಬಂದು ಕೈಮುಗಿದಳು. “ಒಳಗ ಗೌಡ್ರು ಜ್ವಾಳ ತುಂಬ್ಯಾರ್ರಿ. ಅದಕ್ಕ ಹುಡುಗರು ಮ್ಯಾಲೆ ಕುಂತಾವು.”

“ಹುಚ್ಚ ರಂಡಿ ಅದಾಳ್ರಿ ಅಕಿ,” ಎಂದರು ಗೌಡರು.

ಸಾಹೇಬರಿಗೆ ಕನ್ನಡ ಬರುತ್ತಿತ್ತು. ಮಾಸ್ತರ ಕಡೆ ತಿರುಗಿ, “ಇವು ನಿಮ್ಮ ಮಕ್ಕಳೋ ಅಲ್ಲವೋ?” ಎಂದು ಕೇಳಿದರು.

ಹಾಜಿಸಾಬ ಗೌಡರನ್ನು ನೋಡಿದರು. ಗೌಡರು ಮೀಸೆಯ ಮೇಲೆ ಬೆರಳಾಡಿಸಿದರು. ಅಷ್ಟು ಸಾಕಿತ್ತು. ಮಾಸ್ತರ ನೆಲ ನೋಡಿದರು. ಮಗ್ಗಿ ನಿಂತುಹೋಗಿತ್ತು. ಇಪ್ಪತ್ತೈದು ಮಕ್ಕಳು ಮೇಲಿನಿಂದ ಅವರ ಬೊಕ್ಕತಲೆಯ ಟೋಪಿಯನ್ನೇ ನೋಡುತ್ತಿದ್ದವು. ಯಾಕೋ ಏನೋ, ಆ ಮನುಷ್ಯ ಚಪ್ಪಲಿ ಕಳಚಿ ಬದಿಗಿಟ್ಟು ನಿಚ್ಚಣಿಕೆಗೆ ಕೈ ಹಚ್ಚಿದರು. ಐವತ್ತು ದಾಟಿದವರು, ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಊರಿ ಹತ್ತಿದರು. ಮೇಲೆ ಬಂದವರೇ ಪುಸ್ತಕವಿಲ್ಲದೆ ಬಾಯಿಯಿಂದಲೇ ಹಾಜರಿ ಕರೆಯತೊಡಗಿದರು. ಒಂದೊಂದು ಹೆಸರಿಗೂ ಒಂದೊಂದು ‘ಹಾಜರ್’ ಬಂತು. ಇಪ್ಪತ್ತೇಳರಲ್ಲಿ ಇಬ್ಬರು ಮಾತ್ರ ಹೊಲದಲ್ಲಿದ್ದರು.

ಸಾಹೇಬರು ಎಣಿಸಿದರು. ಕೆಟ್ಟವರಲ್ಲ. ಒಳ್ಳೆಯವರೂ ಅಲ್ಲ, ನೌಕರರು.

“ಮಕ್ಕಳು ಅದಾರೆ, ಸರಿ. ಮಾಳಿಗೆ ಮೇಲೆ ಮದರಸಾ, ನಿಮ್ಮ ಶಾಲೆ, ಅದೆ ಅಂತ ಬರೆಯಲಿಕ್ಕೆ ನನಗೆ ಹುಕುಂ ಇಲ್ಲ. ಕೋಣೆ ಬೇಕು, ಸೂರು ಬೇಕು. ಸಂಜೆವರೆಗೂ ಚಾವಡಿಯಲ್ಲಿ ಇರ್ತೀನಿ. ಅಷ್ಟರಲ್ಲಿ ಕೋಣೆಯೊಳಗೆ ಕೂತರೆ ಅದೆ ಅಂತ ಬರೀತೀನಿ. ಇಲ್ಲಾಂದರೆ ಇಲ್ಲ.”

ಅವರು ಹೋಳಿಗೆಯ ಊಟಕ್ಕೆ ಹೋದರು. ಜಟಕಾದ ಧೂಳು ಅಡಗುವುದರೊಳಗೆ ಗೌಡರು ಗೋಡೆಯ ಬುಡಕ್ಕೆ ಬಂದರು.

“ಇಳಸ್ರಿ ಆ ಪಿಳ್ಳೆಗಳನ್ನ. ಮಣ್ಣು ಹಾಕ್ರಿ ಲಗೂನ, ಮೋಡ ಕಾಣಸ್ತಿಲ್ಲೇನ ರಂಡೇರಾ?”

ಉಡಚಮ್ಮನಿಗೂ ಮೋಡ ಕಾಣುತ್ತಿತ್ತು. ಕಾಲಡಿಯ ಸೊಪ್ಪು ಕಾಣುತ್ತಿತ್ತು. ಸೊಪ್ಪಿನಡಿಯ ಚೀಲಗಳೂ ಕಾಣುವ ಹಾಗಿತ್ತು. ಆ ಗಳಿಗೆಯವರೆಗೆ ಅವಳ ತಲೆಯಲ್ಲಿ ಸಾಹೇಬರಿಗೆ ಮಕ್ಕಳನ್ನು ತೋರಿಸುವುದಷ್ಟೇ ಇತ್ತು. ತೋರಿಸಿಯಾಗಿತ್ತು, ಸಾಲಲಿಲ್ಲ. ಈಗ ಬೇರೆಯದೊಂದು ಹೊಳೆಯಿತು. ತಲೆಯ ಮೇಲಿನ ಸಿಂಬೆಯನ್ನು ತೆಗೆದು ಗೋಡೆಯ ಮೇಲಿಟ್ಟು ಅದರ ಮೇಲೆ ಕೂತುಬಿಟ್ಟಳು.

“ಕೋಲಿ ಖಾಲಿ ಮಾಡ್ರಿ ಗೌಡ್ರ. ಹಾಕ್ತೀವಿ.”

“ಏನಂದಿ?”

“ಸೂರು ನಮ್ಮ ಕೈಯಾಗೈತ್ರಿ. ಕೋಲಿ ನಿಮ್ಮ ಕೈಯಾಗೈತಿ. ಹುಡುಗರು ಒಳಗ ಕುಂತ ಮ್ಯಾಲೆ ಮಣ್ಣು ಬೀಳ್ತೈತಿ.”

ಒಬ್ಬೊಬ್ಬರಾಗಿ ಉಳಿದ ಹತ್ತು ಜನವೂ ಕೂತರು. ಮುದಕಮ್ಮ ಕೊನೆಗೆ ಕೂತಳು, ಕೆಳಗೆ ನಿಂತ ಗಂಡನ ಮುಖ ಕಾಣದಂತೆ ಬೆನ್ನು ಮಾಡಿ.

“ಉಡಚಕ್ಕ,” ಎಂದು ದಾವಲಬೀ ಕಿವಿಯ ಹತ್ತಿರ ಬಂದಳು. “ಅನ್ನ ಅದು. ನನ್ನ ಗಡಿಗ್ಯಾಗಿಂದೂ ಅದರಾಗ ಐತಿ. ನೆನಸಬಾರದು. ಪಾಪ ಹತ್ತತೈತಿ.”

“ಗೊತ್ತೈತಿ ದಾವಲಬೀ. ನಿನ್ನೆಯಿಂದ ನನ್ನ ಹೊಟ್ಟಿಗೂ ಕೂಳಿಲ್ಲ. ನೀರು ಬೀಳೂದರೊಳಗ ತೆಗೀತಾರ. ತೆಗೀಬೇಕು.”

ತೆಗೆಯುತ್ತಾರೆಂದು ಅವಳಿಗೂ ನಂಬಿಕೆ ಇರಲಿಲ್ಲ. ಗೌಡರು ನಾಲ್ಕು ಆಳುಗಳನ್ನು ನಿಚ್ಚಣಿಕೆಗೆ ಹಚ್ಚಲು ನೋಡಿದರು. ಹೆಂಗಸರು ಅದನ್ನು ಮೇಲಕ್ಕೆ ಎಳೆದುಕೊಂಡುಬಿಟ್ಟರು. ಆಗ ಗೌಡರು, “ಗಾಳ್ಯಾನ್ನ ಎಳಕೊಂಡು ಬರ್ರಿ,” ಎಂದರು.

ಗಾಳೆಪ್ಪನನ್ನು ಬೇವಿನ ಗಿಡಕ್ಕೆ ಕಟ್ಟಿದರು. ಕಟ್ಟಿದವನು ಪಂಪಣ್ಣ. ಗೌಡರು ಎತ್ತಿನ ಬಾರುಕೋಲು ತೆಗೆದುಕೊಂಡು, ಎಣಿಸುವ ಗೋಜಿಗೇ ಹೋಗದೆ ಹೊಡೆದರು. ಪ್ರತಿ ಏಟಿಗೂ ಮಾಳಿಗೆಯ ಕಡೆ ನೋಡುತ್ತಿದ್ದರು. ಹುಲಿಗೆವ್ವ ಅಪ್ಪಾ ಎಂದು ಚೀರಿ ಅಂಚಿಗೆ ಓಡಿದಳು. ಮಾಸ್ತರ ಅವಳನ್ನು ಅಪ್ಪಿ ಹಿಡಿದು ಮುಖವನ್ನು ತಮ್ಮ ಅಂಗಿಯೊಳಗೆ ಮುಚ್ಚಿಕೊಂಡರು.

“ಇಳಿ ಉಡಚಿ,” ಎಂದು ಗಾಳೆಪ್ಪ ಕೂಗಿದ. “ನಿನ್ನ ಕಾಲಿಗೆ ಬೀಳ್ತೀನಿ, ಇಳಿ. ನನ್ನ ಕೊಲ್ತಾನ. ಸಾಲಿ ಸುಡ್ಲಿ, ಇಳಿಬೇ!”

ಕಥೆಗಳಲ್ಲಾದರೆ ಗಂಡ ‘ಇಳೀಬೇಡ’ ಎನ್ನುತ್ತಾನೆ. ಗಾಳೆಪ್ಪನ ಬೆನ್ನು ಕಥೆಯದಾಗಿರಲಿಲ್ಲ. ಉಡಚಮ್ಮ ಎದ್ದಳು. ಮೇಲೆಳೆದಿಟ್ಟ ನಿಚ್ಚಣಿಕೆಯ ತನಕ ಹೋದಳು. ಅವಳ ಕಾಲು ಇಳಿಯಲಿಕ್ಕೇ ಹೋಗಿತ್ತು, ಸುಳ್ಳೇಕೆ ಹೇಳಬೇಕು. ನಿಚ್ಚಣಿಕೆ ಹಿಡಿದು ನಿಂತು ಗಂಡನನ್ನು ನೋಡಿದಳು, ಗೋಡೆಯ ಮೇಲೆ ಸಾಲಾಗಿ ಕೂತ ಮಕ್ಕಳನ್ನು ನೋಡಿದಳು.

“ನನ್ನ ಕ್ಷಮಾ ಮಾಡ,” ಎಂದಳು. ಅದು ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿರಲಿಲ್ಲ. ತಿರುಗಿ ಬಂದು ಕೂತಳು.

ಮಳೆ ಬಂತು. ಮೊದಲು ನಾಲ್ಕೈದು ಹನಿ, ಕಾಸಿನಗಲದವು. ಆಮೇಲೆ ಯಾರೋ ಬಾನಿ ಮಗುಚಿದಂತೆ. ಹೆಂಗಸರು ಬುಟ್ಟಿಗಳನ್ನು ಖಾಲಿ ಮಾಡಿ ಮಕ್ಕಳ ತಲೆಯ ಮೇಲೆ ಬೋರಲು ಹಾಕಿದರು. ಒಣಸೊಪ್ಪು ಒಂದು ಕ್ಷಣ ನೀರು ಹಿಡಿದು ನಿಂತಿತು, ಆಮೇಲೆ ಬಿಟ್ಟಿತು. ಕೆಳಗೆ ಬೀಗ ತೆಗೆಯುವ ಸದ್ದಾಯಿತು. ಬಾರುಕೋಲು ಎಸೆದು ಗೌಡರು ಕೋಣೆಯೊಳಗೆ ನುಗ್ಗಿದ್ದರು.

ಶಾಲೆಗೆ ಜಾಗ ಕೊಟ್ಟೆನೆಂದು ಹೇಳಿಕೊಳ್ಳುತ್ತಿದ್ದ ಗೌಡರು ಮಳೆಯಲ್ಲಿ ಅದರೊಳಗೆ ನಿಂತದ್ದು ಅಂದೇ ಮೊದಲು. ಹತ್ತು ಕಡೆ ಧಾರೆ ಸುರಿಯುತ್ತಿತ್ತು. ಚೀಲದ ಗೋಣಿ ಕಪ್ಪಾಗುತ್ತ ಬರುತ್ತಿತ್ತು. ಒಂದು ಚೀಲದ ಮೇಲೆ ರುಮಾಲು ಹಾಸಿದರು, ಇನ್ನೊಂದರ ಮೇಲೆ ಧೋತರದ ಸೆರಗು ಹಾಸಿದರು, ಮೂರನೆಯದಕ್ಕೆ ಏನೂ ಉಳಿಯಲಿಲ್ಲ. ತಲೆ ಎತ್ತಿದರೆ ಮಾಳಿಗೆಯ ಬೆಳಕಿಂಡಿಯಲ್ಲಿ ಉಡಚಮ್ಮನ ಮುಖ ಕಾಣಿಸಿತು. ಕೂದಲಿನಿಂದ ನೀರು ಇಳಿದು ಅವರ ಮುಖದ ಮೇಲೇ ಬೀಳುತ್ತಿತ್ತು.

“ಮಣ್ಣು ಹಾಕಬೇ!” ಎಂದು ಗೌಡರು ಒದರಿದರು. ದನಿ ಒಡೆದಿತ್ತು. “ತಹಶೀಲಿನವರು ನನ್ನ ನೇಣಿಗೆ ಹಾಕ್ತಾರ. ಹಾಕ ಉಡಚಿ, ಹಾಕವ್ವ!”

ಅವ್ವ ಅಂದದ್ದು ಎಲ್ಲರಿಗೂ ಕೇಳಿಸಿತು.

“ಒಂದು ಚೀಲ ಹೊರಗ ಬಂದ್ರ ಒಂದು ಬುಟ್ಟಿ ಬೀಳ್ತೈತ್ರಿ ಗೌಡ್ರ. ಬರಲಿ ಮೊದಲನೇದು.”

ಅವಳು ಎದ್ದು, ಮೇಲೆ ಉಳಿದಿದ್ದ ಸವಳನ್ನು ಒಂದು ಬುಟ್ಟಿಗೆ ತುಂಬಿ ತಲೆಗೇರಿಸಿಕೊಂಡು ಬೆಳಕಿಂಡಿಯ ಪಕ್ಕ ನಿಂತಳು. ಮಳೆಗೆ ಸವಳು ಕರಗಿ ಬುಟ್ಟಿಯ ಸಂದಿನಿಂದ ಹಣೆಯ ಮೇಲೆ, ಕಣ್ಣೊಳಗೆ, ಬಾಯೊಳಗೆ ಇಳಿಯತೊಡಗಿತು. ಗಿಡಕ್ಕೆ ಕಟ್ಟಿದ ಗಾಳೆಪ್ಪನ ತಲೆ ಜೋತು ಬಿದ್ದಿತ್ತು, ಅವನನ್ನು ಬಿಚ್ಚಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಅತ್ತ ಚಾವಡಿಯ ಮುಂದೆ ಜವಾನ ಕೊಡೆ ಹಿಡಿದಿದ್ದ, ಸಂಜೆಯವರೆಗೆ ಕಾಯದೆ ಜಟಕಾಕ್ಕೆ ಕುದುರೆ ಹೂಡುತ್ತಿದ್ದರು.

“ಗೌಡ್ರ,” ಎಂದು ಅವಳು ಕಿಂಡಿಯೊಳಕ್ಕೆ ಮತ್ತೊಮ್ಮೆ ಕೂಗಿದಳು, “ಸಾಹೇಬ್ರು ಹೊಂಟಾರ.”

ಕೆಳಗೆ ಗೌಡರು ಮೂರನೆಯ ಚೀಲದ ಮೇಲೆ ಎರಡೂ ಕೈ ಹರವಿ ನಿಂತೇ ಇದ್ದರು. ಅವಳು ಬುಟ್ಟಿ ಇಳಿಸಲಿಲ್ಲ.